ಹೂ ಬಿಟ್ಟಾಗ ಹಾರಿಸಿ

ಕಳೆದ ಸಂಚಿಕೆಯಲ್ಲಿ ನಮ್ಮ ಸೊಪ್ಪಿನ ಬೆಟ್ಟದ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಿನ ವಿಷಯ ನಾಲ್ಕೇ ಸಾಲು ಬರೆದಿದ್ದೆ. ಡ್ರೋನ್‌ನಿಂದ ಫೋಟೊ ತೆಗೆಸಿ, ಆ ಫೋಟೊ ಕೈಯಲ್ಲಿ ಹಿಡಿದುಕೊಂಡು ಯುಪಟೋರಿಯಂ ಅನ್ನುವ ಕಳೆ ಕಿತ್ತೆವು ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಹಾಗಾಗಿ ಈ ಸಲ ಅಂಕಣ ಪೂರ್ತಿ ಇದಕ್ಕೇ. ಕಾಳುಮೆಣಸಿನ ಕೊಳೆರೋಗದ ಬಗ್ಗೆ ಕೇಳಿದವರು ಒಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ಅಕ್ಕಾ, ನಮ್ಮದು ಎರಡು ಎಕರೆ ಅಡಿಕೆ ತೋಟ, ಅದಕ್ಕೆ ಹದಿನೆಂಟು ಎಕರೆ ಸೊಪ್ಪಿನ ಬೆಟ್ಟ. ಬೆಟ್ಟದಲ್ಲಿ ಅರ್ಧಕ್ಕರ್ಧ ಯುಪಟೋರಿಯಂ ತುಂಬಿಕೊಂಡಿದೆ. ಮೊನ್ನೆ ಯಾರೋ ಬಂದು, ಡ್ರೋನ್ ಹಾರಿಸಿ ಯಾವ ಕಳೆ ಎಲ್ಲಿದೆ ಅಂತ ನಕ್ಷೆ ಮಾಡಿಕೊಡುತ್ತೇವೆ, ಈ ವಾರವೇ ಮಾಡಿಸಿದರೆ ಕಡಿಮೆಗೆ ಆಗುತ್ತದೆ ಅಂದರು. ಮಾಡಿಸಲಾ? ಡ್ರೋನ್‌ಗೆ ನಿಜವಾಗಿ ಕಳೆ ಗೊತ್ತಾಗುತ್ತಾ?
– ಓದುಗರೊಬ್ಬರು, ಸಿರಸಿ ತಾಲೂಕು

ಉತ್ತರ: ಈ ವಾರ ಬೇಡ.

ನಿಮ್ಮ ಪತ್ರದ ಮೇಲೆ ಅಕ್ಟೋಬರ್ ಮೊದಲ ವಾರದ ತಾರೀಕಿದೆ. ಆಗ ನಮ್ಮ ಕಡೆ ಬೆಟ್ಟ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮಳೆ ಈಗಷ್ಟೇ ಹಿಂದೆ ಸರಿದಿರುತ್ತದೆ. ಮತ್ತಿ, ಹೊನ್ನೆ, ನಂದಿ ಮರ, ಕರಡದ ಹುಲ್ಲು, ಯುಪಟೋರಿಯಂ ಎಲ್ಲ ಒಂದೇ ಹಸಿರು. ಮೇಲಿಂದ ನೋಡಿದರೆ ಹಸಿರು ಕಂಬಳಿ ಹಾಸಿದ ಹಾಗೆ. ಆ ಕಂಬಳಿಯಲ್ಲಿ ಕಳೆ ಹುಡುಕು ಅಂದರೆ ಯಾವ ಕ್ಯಾಮೆರಾ ತಾನೇ ಹುಡುಕೀತು?

ನಾನು ಮೊದಲ ವರ್ಷ ಮಾಡಿದ್ದು ಇದೇ ತಪ್ಪು. ದಸರಾ ರಜೆಗೆ ಊರಿಗೆ ಹೋಗಿದ್ದೆ, ಕೈಯಲ್ಲಿ ಸ್ವಲ್ಪ ದುಡ್ಡಿತ್ತು, ಹಾರಿಸಿಬಿಡೋಣ ಅಂತ ಹಾರಿಸಿದೆವು. ಐದು ಬಗೆಯ ಬೆಳಕು ಹಿಡಿಯುವ ದುಬಾರಿ ಕ್ಯಾಮೆರಾ ಬೇರೆ. ನಕ್ಷೆ ಬಂತು. ನಮ್ಮ ಬೆಟ್ಟದ ಹನ್ನೆರಡು ಎಕರೆಯೂ ಒಂದೇ ಕಡು ಹಸಿರು. ಆ ಹಾಳೆ ನೋಡಿ ಆಯಿ (ಅಮ್ಮ) ಹೇಳಿದ್ದು ಒಂದೇ ಮಾತು: ‘ಇದನ್ನ ನಾ ಜಗಲಿ ಮೇಲೆ ಕೂತೇ ಹೇಳ್ತಿದ್ದೆ.’

ಯಾಕೆ ಹಾಗಾಯಿತು ಅಂತ ಹೇಳುತ್ತೇನೆ, ಇದು ಅರ್ಥವಾದರೆ ಮುಂದಿನದ್ದೆಲ್ಲ ಸುಲಭ. ಎಲೆ ಬಿಸಿಲಿನಲ್ಲಿರುವ ಕೆಂಪು ಬೆಳಕನ್ನು ತನ್ನ ಅಡುಗೆಗೆ ಇಟ್ಟುಕೊಳ್ಳುತ್ತದೆ. ಕೆಂಪಿನ ಪಕ್ಕದಲ್ಲೇ ನಮ್ಮ ಕಣ್ಣಿಗೆ ಕಾಣದ ಇನ್ನೊಂದು ಬೆಳಕಿದೆ, ಶಾಲೆಯಲ್ಲಿ ಅವಕೆಂಪು ಅಂತ ಓದಿದ್ದೆವಲ್ಲ, ಅದು. ಅದು ಎಲೆಗೆ ಬೇಡ, ವಾಪಸ್ ಎಸೆದುಬಿಡುತ್ತದೆ. ಈ ಕ್ಯಾಮೆರಾ ಎರಡನ್ನೂ ಅಳೆಯುತ್ತದೆ. ಆರೋಗ್ಯವಾದ ಎಲೆ ನೂರರಲ್ಲಿ 5 ಪಾಲು ಕೆಂಪು, 45 ಪಾಲು ಅವಕೆಂಪು ವಾಪಸ್ ಕಳಿಸಿತು ಅಂತಿಟ್ಟುಕೊಳ್ಳಿ. ಎರಡರ ವ್ಯತ್ಯಾಸ 40, ಮೊತ್ತ 50. ನಲವತ್ತನ್ನು ಐವತ್ತರಿಂದ ಭಾಗಿಸಿದರೆ 0.8. ಒಣಗಿದ ಹುಲ್ಲಿಗೆ 20 ಮತ್ತು 30 ಬಂದರೆ ಲೆಕ್ಕ 0.2ಕ್ಕೆ ಇಳಿಯುತ್ತದೆ. ಎನ್‌ಡಿವಿಐ ಅಂತ ಬಂದವರು ಹೇಳಿರಬಹುದಲ್ಲ, ಅದು ಇಷ್ಟೇ. ಎಷ್ಟು ಹಸಿರು ಅಂತ ಹೇಳುವ ಲೆಕ್ಕ. ಯಾವ ಗಿಡ ಅಂತ ಅದಕ್ಕೆ ಗೊತ್ತಿಲ್ಲ. ಅಕ್ಟೋಬರ್‌ನಲ್ಲಿ ಮತ್ತಿಗೂ 0.8, ಯುಪಟೋರಿಯಂಗೂ 0.8.

ಹಾಗಾದರೆ ಕಳೆ ಉಳಿದವುಗಳಿಂದ ಬೇರೆಯಾಗಿ ಕಾಣುವುದು ಯಾವಾಗ? ನಮ್ಮ ಬೆಟ್ಟದಲ್ಲಿ ಅದಕ್ಕೆ ಎರಡು ಸಂದರ್ಭ ಇವೆ. ಒಂದು, ಡಿಸೆಂಬರ್ ಕೊನೆಯಿಂದ ಜನವರಿ. ಯುಪಟೋರಿಯಂ ಹೂ ಬಿಡುತ್ತದೆ. ಹತ್ತಿರ ಹೋದರೆ ಒಂದೊಂದು ಹೂವೂ ಸಣ್ಣ ಕುಂಚದ ಹಾಗೆ, ಬಿಳಿಗೆ ಚೂರು ನೇರಳೆ ಬೆರೆಸಿದ ಬಣ್ಣ. ಗಿಡದ ನೆತ್ತಿ ತುಂಬ ಬಿಟ್ಟಾಗ ಮೇಲಿಂದ ಬೂದಿ ಚೆಲ್ಲಿದ ಹಾಗೆ ಕಾಣುತ್ತದೆ. ಆಗ ಐದು ಬೆಳಕಿನ ಕ್ಯಾಮೆರಾ ಬೇಕೇ ಬೇಕು ಅಂತಿಲ್ಲ, ಮದುವೆ ಮನೆಯಲ್ಲಿ ಹಾರಿಸುತ್ತಾರಲ್ಲ, ಅಂಥ ಸಾದಾ ಡ್ರೋನ್ ಸಾಕು. ತಪ್ಪು ತಿಂಗಳಲ್ಲಿ ದುಬಾರಿ ಕ್ಯಾಮೆರಾ ಹಾರಿಸುವುದಕ್ಕಿಂತ ಸರಿಯಾದ ತಿಂಗಳಲ್ಲಿ ಸಾದಾ ಕ್ಯಾಮೆರಾ ಹಾರಿಸುವುದು ಎಷ್ಟೋ ಮೇಲು. ಇನ್ನೊಂದು ಸಂದರ್ಭ ಫೆಬ್ರವರಿ ಕೊನೆ, ಮಾರ್ಚ್. ಹುಲ್ಲು ಒಣಗಿ, ಮತ್ತಿ, ನಂದಿ ಬೋಳಾಗಿರುತ್ತವೆ. ಆಗಲೂ ಹಸಿರಾಗಿ ಉಳಿದದ್ದು ಮಾವು, ಹಲಸಿನಂಥ ಮರ, ಇಲ್ಲವೇ ಬೀಜ ಬಿದ್ದು ತಾನಾಗಿ ಎದ್ದ ಅಕೇಶಿಯಾ. ಅಕೇಶಿಯಾ ಹುಡುಕುವವರಿಗೆ ಅದೇ ಸರಿಯಾದ ಕಾಲ. ನಿಮಗೆ ಬೇಕಾದ್ದು ಯುಪಟೋರಿಯಂ. ಹಾಗಾಗಿ ಹೂವಿಗೆ ಕಾಯಿರಿ.

ಹೂವಿಗೆ ಕಾಯಿರಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಫೆಬ್ರವರಿಯಿಂದ ಬೀಜ ಹಾರಲು ಶುರು. ಬೀಜಕ್ಕೆ ರೋಮದ ಕುಚ್ಚು ಇರುತ್ತದೆ, ಗಾಳಿ ಎತ್ತಿಕೊಂಡು ಹೋಗುತ್ತದೆ, ಸೀರೆಗೂ ಅಂಟುತ್ತದೆ. ಹೂ ಬಿಟ್ಟ ಮೊದಲ ವಾರ ಫೋಟೊ ತೆಗೆದರೆ ಬೀಜ ಹಾರುವ ಮೊದಲು ಕೀಳಲು ನಿಮಗೆ ಸುಮಾರು ಒಂದು ತಿಂಗಳು ಸಿಗುತ್ತದೆ. ಕೀಳಬೇಕು, ಸುಮ್ನೆ ಕೊಚ್ಚಿದರೆ ಆಗಲ್ಲ. ಬುಡದಿಂದ ಮತ್ತೆ ಚಿಗುರುತ್ತದೆ.

ಹಾರಿಸುವವರಿಗೆ ನಾಲ್ಕು ಮಾತು ಮೊದಲೇ ಹೇಳಿ. ಎತ್ತರದ್ದು ಎಲ್ಲಕ್ಕಿಂತ ಮುಖ್ಯ. ನಮ್ಮಲ್ಲಿಗೆ ಮೊದಲು ಬಂದ ಹುಡುಗರು ಅಂಗಳದಿಂದ ಹಾರಿಸಿ, 60 ಮೀಟರ್ ಅಂತ ಹಾಕಿದರು. ಅದು ಅಂಗಳದಿಂದ 60. ನಮ್ಮ ಮನೆ ಇರುವುದು ಕೆಳಗೆ, ತೋಟದ ಪಕ್ಕ. ಬೆಟ್ಟದ ನೆತ್ತಿ ಅಂಗಳಕ್ಕಿಂತ 40 ಮೀಟರ್ ಮೇಲಿದೆ. ಅಲ್ಲಿ ಸೊಪ್ಪು ಕಡಿಯದೆ ಬಿಟ್ಟ ಒಂದು ಮತ್ತಿ ಮರ, ಅದರ ಎತ್ತರವೇ 20 ಮೀಟರ್. ಡ್ರೋನ್ ನೇರ ಅದರ ತುದಿಗೇ ಹೋಗಿ ಸಿಕ್ಕಿಕೊಂಡಿತು. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ನಮ್ಮ ಕೊನೆಗೌಡರು ಹತ್ತಿ ಇಳಿಸಿದರು. ಅವರಿಗೆ ಏನಾದರೂ ಆಗಿದ್ದರೆ ಅಂತ ಈಗ ನೆನೆದರೂ ಎದೆ ನಡುಗುತ್ತದೆ. ಘಟ್ಟದ ಜಾಗದಲ್ಲಿ ನೆಲದ ಏರಿಳಿತ ಹಿಡಿದೇ ಹಾರಿಸಬೇಕು, ಇಲ್ಲವೇ ನೆತ್ತಿಯಿಂದ ಹಾರಿಸಬೇಕು.

ಹೊತ್ತು ಕೂಡ ನೋಡಿಕೊಳ್ಳಿ. ಡಿಸೆಂಬರ್ ಬೆಳಿಗ್ಗೆ ಇಬ್ಬನಿ ಇರುತ್ತದೆ, ಸಂಜೆ ನೆರಳು ಉದ್ದ. ಹತ್ತೂವರೆಯಿಂದ ಎರಡರ ಒಳಗೆ ಮುಗಿಸಬೇಕು. ಒಂದು ಫೋಟೊದ ಮುಕ್ಕಾಲು ಭಾಗ ಮುಂದಿನ ಫೋಟೊದಲ್ಲೂ ಬರುವ ಹಾಗೆ ತೆಗೆಯಬೇಕು, ಆಗಲೇ ಕಂಪ್ಯೂಟರ್ ಎಲ್ಲ ಜೋಡಿಸಿ ಒಂದು ದೊಡ್ಡ ಚಿತ್ರ ಮಾಡಲು ಆಗುವುದು. ಆ ಜೋಡಿಸುವ ಕೆಲಸಕ್ಕೆ ಓಪನ್‌ಡ್ರೋನ್‌ಮ್ಯಾಪ್, ನಕ್ಷೆ ನೋಡಲು ಕ್ಯೂಜಿಐಎಸ್ ಇವೆ, ಎರಡೂ ಪುಕ್ಕಟೆ. ಮನೆಯಲ್ಲಿ ಕಂಪ್ಯೂಟರ್ ಕಲಿತ ಮಕ್ಕಳಿದ್ದರೆ ಹೇಳಿ.

ಇನ್ನು ಗುರುತು. ಹಾರಿಸುವ ಹಿಂದಿನ ದಿನ ಹಳೆಯ ಬಿಳಿ ಗೊಬ್ಬರ ಚೀಲ ಮೂವತ್ತು ತೆಗೆದುಕೊಂಡು ಬೆಟ್ಟಕ್ಕೆ ಹೋಗಿ. ಖಂಡಿತ ಯುಪಟೋರಿಯಂ ಇರುವ ಹದಿನೈದು ಕಡೆ ಒಂದೊಂದು ಹಾಸಿ ಕಲ್ಲು ಇಡಿ. ಖಂಡಿತ ಇಲ್ಲದ ಹದಿನೈದು ಕಡೆಯೂ ಹಾಸಿ. ಯಾವುದು ಎಲ್ಲಿ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಫೋನಿನ ಜಿಪಿಎಸ್ ಮರದಡಿ ಐದಾರು ಮೀಟರ್ ಅತ್ತಿತ್ತ ಆಗುತ್ತದೆ, ಅದನ್ನೇ ನಂಬಿದರೆ ಪಕ್ಕದ ಮೆಳೆಗೆ ಗುರುತು ಬೀಳುತ್ತದೆ. ಬಿಳಿ ಚೀಲ ಫೋಟೊದಲ್ಲಿ ಸ್ಪಷ್ಟ ಕಾಣುತ್ತದೆ. ಎರಡೂ ಬಗೆಯಲ್ಲಿ ಅರ್ಧದಷ್ಟು ಚೀಲಗಳ ವಿವರ ಮಾತ್ರ ಅವರಿಗೆ ಕೊಡಿ. ಕಂಪ್ಯೂಟರ್‌ಗೆ ‘ಇದು ಕಳೆ, ಇದು ಅಲ್ಲ’ ಅಂತ ಕಲಿಸಲು ಅದು. ಉಳಿದರ್ಧ ನಿಮ್ಮ ಕೈಯಲ್ಲೇ ಇರಲಿ. ನಕ್ಷೆ ಬಂದ ಮೇಲೆ ಅದನ್ನಿಟ್ಟುಕೊಂಡು ಪರೀಕ್ಷೆ ಮಾಡಿ.

‘ನಮ್ಮ ನಕ್ಷೆ ನೂರಕ್ಕೆ ತೊಂಬತ್ತೈದು ಸರಿ’ ಅಂದರೆ ಅಲ್ಲಿಗೇ ಒಪ್ಪಬೇಡಿ. ನೂರು ಜಾಗದಲ್ಲಿ ಐದೇ ಕಡೆ ಕಳೆ ಇದೆ ಅಂದುಕೊಳ್ಳಿ. ‘ಎಲ್ಲೂ ಕಳೆ ಇಲ್ಲ’ ಅಂತ ಖಾಲಿ ಹಾಳೆ ಕೊಟ್ಟವನೂ ನೂರಕ್ಕೆ ತೊಂಬತ್ತೈದು ಸರಿಯೇ ಅಲ್ವಾ? ಕೇಳಬೇಕಾದದ್ದು ಬೇರೆ: ನಾನು ಕೈಯಲ್ಲೇ ಇಟ್ಟುಕೊಂಡ ಗುರುತುಗಳಲ್ಲಿ, ನಿಜವಾಗಿ ಕಳೆ ಇದ್ದ ಕಡೆ ಎಷ್ಟು ಹಿಡಿದಿರಿ? ಕಳೆ ಅಂತ ತೋರಿಸಿದ್ದರಲ್ಲಿ ಎಷ್ಟು ಸುಳ್ಳು?

ನಮ್ಮಲ್ಲಿ ಎರಡನೇ ವರ್ಷ ಜನವರಿಯಲ್ಲಿ ತೆಗೆಸಿದ ಫೋಟೊವನ್ನು ದೊಡ್ಡ ಹಾಳೆಗಳ ಮೇಲೆ ಪ್ರಿಂಟ್ ಹಾಕಿಸಿ ಜಗಲಿ ಮೇಲೆ ಹಾಸಿದೆ. ಕಂಪ್ಯೂಟರ್ ಕೆಂಪು ಗೆರೆ ಹಾಕಿ 61 ಮೆಳೆ ತೋರಿಸಿತ್ತು. ಕೆಲಸಕ್ಕೆ ಬರುವ ಹೆಂಗಸರು ಮೂವರು, ಆಯಿ, ನಾನು ಸುತ್ತ ಕೂತೆವು. ಮೊದಲು ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ದೊಡ್ಡ ಹುತ್ತ ಗುರುತು ಹಿಡಿದರು. ಹುತ್ತ ಸಿಕ್ಕ ಮೇಲೆ ಕಾಲುದಾರಿ ಸಿಕ್ಕಿತು, ದಾರಿ ಸಿಕ್ಕ ಮೇಲೆ ಎಲ್ಲ ಸಿಕ್ಕಿತು. ‘ಇದು ಹೂವಲ್ಲ, ಹಾಸುಬಂಡೆ. ಮೇಲೆ ಪಾಚಿ ಒಣಗಿ ಬೆಳ್ಳಗಾಗಿದೆ’ ಅಂತ ಒಬ್ಬರು ಏಳು ಗೆರೆ ಹೊಡೆದುಹಾಕಿದರು. ಮತ್ತೊಬ್ಬರು, ದರಕು (ಉದುರಿದ ಒಣ ಎಲೆ) ಗುಡಿಸಲು ಹೋಗುವವರು, ಕಂಪ್ಯೂಟರ್ ಬಿಟ್ಟಿದ್ದ ನಾಲ್ಕು ಕಡೆ ಬೆರಳಿಟ್ಟರು. ಮರದ ನೆರಳಿನಲ್ಲಿದ್ದ ಮೆಳೆಗಳು. ನಕ್ಷೆ ನಿಜವಾಗಿ ತಯಾರಾದದ್ದು ಆ ಮಧ್ಯಾಹ್ನ.

ಕೀಳುವಾಗ ದೊಡ್ಡ ಮೆಳೆಗೆ ಮೊದಲು ಕೈ ಹಾಕಬೇಡಿ. ಒಂಟಿಯಾಗಿ ದೂರದಲ್ಲಿ ಎದ್ದ ಚಿಕ್ಕ ಮೆಳೆಗಳನ್ನು ಮೊದಲು ತೆಗೆಯಿರಿ. ಮೆಳೆ ಹಬ್ಬುವುದು ಅಂಚಿನಿಂದ. ಒಂದು ಗುಂಟೆಯ ಒಂದೇ ದುಂಡು ಮೆಳೆಗೆ ಅಂಚು ಸುಮಾರು 35 ಮೀಟರ್. ಅದೇ ಒಂದು ಗುಂಟೆ ಹತ್ತು ಚಿಕ್ಕ ಮೆಳೆಗಳಾಗಿ ಚೆದುರಿದ್ದರೆ ಒಟ್ಟು ಅಂಚು 110 ಮೀಟರ್‌ಗೂ ಜಾಸ್ತಿ. ನಮ್ಮ ಕಣ್ಣಿಗೆ ಬೀಳುವುದು ದೊಡ್ಡದು, ಮೋಸ ಮಾಡುವುದು ಚಿಕ್ಕದು. ನಡೆದುಕೊಂಡು ಹೋಗುವಾಗ ತಪ್ಪಿಹೋಗುವ ಆ ಚಿಕ್ಕ ಮೆಳೆಗಳನ್ನು ತೋರಿಸುವುದಕ್ಕೇ ನಾನು ಫೋಟೊ ತೆಗೆಸಿದ್ದು. ದೊಡ್ಡದು ಎಲ್ಲಿದೆ ಅಂತ ನಮ್ಮ ದನಕ್ಕೂ ಗೊತ್ತು.

ಪ್ರಶ್ನೆ: ನಮ್ಮೂರ ಕೆರೆ 12 ಎಕರೆ. ಜಲಕಳೆ ವರ್ಷದಿಂದ ವರ್ಷಕ್ಕೆ ಹಬ್ಬುತ್ತಿದೆ. ಎಷ್ಟು ಹಬ್ಬಿದೆ ಅಂತ ಪಂಚಾಯ್ತಿಗೆ ತೋರಿಸಬೇಕು, ಬಾಯಲ್ಲಿ ಹೇಳಿದರೆ ಯಾರೂ ಕೇಳುತ್ತಿಲ್ಲ. ಡ್ರೋನ್‌ಗೆ ದುಡ್ಡಿಲ್ಲ. ಉಪಗ್ರಹದ ಚಿತ್ರ ಪುಕ್ಕಟೆ ಸಿಗುತ್ತದಂತೆ, ನಿಜವಾ ಮೇಡಂ?
– ಕೆರೆ ಕೆಳಗಿನ ರೈತ, ಬನವಾಸಿ ಹೋಬಳಿ

ಉತ್ತರ: ನಿಜ. ನಿಮ್ಮ ಕೆಲಸಕ್ಕೆ ಡ್ರೋನ್‌ಗಿಂತ ಅದೇ ಒಳ್ಳೆಯದು.

ಯುರೋಪಿನವರ ಸೆಂಟಿನೆಲ್-2 ಅನ್ನುವ ಉಪಗ್ರಹ 2015ರಿಂದ ಮೇಲಿದೆ, 2017ರಲ್ಲಿ ಅದರ ಜೋಡಿಯೂ ಹೋಯಿತು. ಈ ಸರಣಿಯ ಉಪಗ್ರಹಗಳು ಐದು ದಿನಕ್ಕೊಮ್ಮೆ ನಿಮ್ಮ ಕೆರೆಯ ಮೇಲೆ ಹಾಯುತ್ತವೆ. ಚಿತ್ರ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರ ಒಂದು ಚುಕ್ಕಿ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ ಎಷ್ಟು? 101 ಚದರ ಮೀಟರ್. ಇದು ಮೊದಲ ಸಲ ಹೊಳೆದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಆಕಾಶದಲ್ಲಿರುವ ಆ ಕಣ್ಣು ನಮ್ಮ ಗುಂಟೆ ಲೆಕ್ಕದಲ್ಲೇ ನೋಡುತ್ತದೆ! ನಿಮ್ಮ 12 ಎಕರೆ ಕೆರೆ ಅಂದರೆ ಸುಮಾರು 480 ಚುಕ್ಕಿ.

ನೀರಿನ ಕಳೆಗೆ ಇದು ಯಾಕೆ ಸುಲಭ ಅಂದರೆ, ನೀರು ಅವಕೆಂಪನ್ನು ನುಂಗಿಬಿಡುತ್ತದೆ. ಎಲೆ ಅದನ್ನೇ ವಾಪಸ್ ಎಸೆಯುತ್ತದೆ ಅಂತ ಮೇಲೆ ಹೇಳಿದೆನಲ್ಲ. ಅವಕೆಂಪನ್ನು ಕೆಂಪು ಬಣ್ಣವಾಗಿ ತೋರಿಸುವ ಚಿತ್ರ ಆರಿಸಿಕೊಂಡರೆ ತೆರೆದ ನೀರು ಕಪ್ಪು, ಕಳೆ ರಕ್ತಗೆಂಪು. ಬೆಟ್ಟದಲ್ಲಿ ಹಸಿರಿನೊಳಗೆ ಹಸಿರು ಹುಡುಕುವ ಕಷ್ಟ ಇಲ್ಲಿಲ್ಲ. ಕೆಂಪು ಚುಕ್ಕಿ ಎಣಿಸಿ. ನೂರು ಇದ್ದರೆ ನೂರು ಗುಂಟೆ, ಎರಡೂವರೆ ಎಕರೆ.

ಜೂನ್‌ನಿಂದ ಸೆಪ್ಟೆಂಬರ್ ತನಕದ ಚಿತ್ರ ಹುಡುಕುತ್ತ ಕೂರಬೇಡಿ, ಮೋಡ ಬಿಟ್ಟರೆ ಏನೂ ಕಾಣಲ್ಲ. ಪ್ರತಿ ವರ್ಷದ ಜನವರಿಯ ಚಿತ್ರ ಒಂದೊಂದು ತೆಗೆದು ಸಾಲಾಗಿ ಇಡಿ. ಒಂದು ವರ್ಷ ಜನವರಿ, ಇನ್ನೊಂದು ವರ್ಷ ಏಪ್ರಿಲ್ ಅಂತ ಹೋಲಿಸಿದರೆ ಕೆರೆ ಬತ್ತಿದ್ದೂ ಕಳೆ ಹಬ್ಬಿದ್ದೂ ಕಲಸಿಹೋಗುತ್ತದೆ. ಪಂಚಾಯ್ತಿಯಲ್ಲಿ ತಕರಾರು ಬರುವುದೇ ಅಲ್ಲಿ. 2015ಕ್ಕಿಂತ ಹಿಂದಿನದು ಬೇಕಾದರೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರ ಇವೆ. ಅದರ ಚುಕ್ಕಿ 30 ಮೀಟರ್, ಒಂಬತ್ತು ಗುಂಟೆ. ನಿಮ್ಮ ಕೆರೆಗೆ ಐವತ್ನಾಲ್ಕು ಚುಕ್ಕಿ ಬಂದರೆ ಹೆಚ್ಚು. ನಮ್ಮ ಇಸ್ರೋದ ಭುವನ್ ಜಾಲತಾಣವೂ 2009ರಿಂದ ಇದೆ. ಊರು, ಕೆರೆ, ರಸ್ತೆ ಗುರುತಿಸಿಕೊಳ್ಳಲು ನಾನು ಮೊದಲು ಅದನ್ನೇ ತೆರೆಯುವುದು.

ಎರಡು ಎಚ್ಚರಿಕೆ. ದಡದ ಚುಕ್ಕಿಗಳಲ್ಲಿ ಅರ್ಧ ನೀರು, ಅರ್ಧ ಹುಲ್ಲು ಇರುತ್ತದೆ, ಅವನ್ನು ಎಣಿಕೆಗೆ ಸೇರಿಸಬೇಡಿ. ತಾವರೆ ಎಲೆಯೂ ಕೆಂಪಾಗಿಯೇ ಕಾಣುತ್ತದೆ. ನಿಮ್ಮ ಕೆರೆಯಲ್ಲಿ ತಾವರೆ ಇದ್ದರೆ ಅದು ಯಾವ ಮೂಲೆ ಅಂತ ದಡ ಸುತ್ತಿ ಬಂದು ಗುರುತು ಹಾಕಿ. ಕಳೆ ತೆಗೆಯುವ ಭರದಲ್ಲಿ ತಾವರೆ ಹೋದರೆ ದೇವಸ್ಥಾನದವರಿಗಿಂತ ಮೊದಲು ನನಗೇ ಬೇಜಾರು.

ಪ್ರಶ್ನೆ: ತೋಟದ ಬಸಿಗಾಲುವೆ ಗುಂಟ ಹಳದಿ ಹೂವಿನ ಒಂದು ಬಳ್ಳಿ ಹಬ್ಬಿದೆ. ಎಲೆ ಹೊಳೆಯುತ್ತದೆ. ಅಡಿಕೆ ಬುಡಕ್ಕೂ ಬಂದಿದೆ. ಡ್ರೋನ್‌ನಿಂದ ಎಲ್ಲೆಲ್ಲಿ ಇದೆ ಅಂತ ನೋಡಬಹುದಾ?
– ಓದುಗರು, ಹೊನ್ನಾವರ

ಉತ್ತರ: ಇಲ್ಲ. ಬೆಳೆದ ತೋಟದಲ್ಲಿ ಆಗಲ್ಲ. ಒಂಬತ್ತು ಅಡಿಗೊಂದು ಅಡಿಕೆ ಮರ, ಮೇಲೆ ಸೋಗೆ ಸೋಗೆ ಕೂಡಿಕೊಂಡಿರುತ್ತದೆ. ಡ್ರೋನ್‌ಗೆ ಕಾಣುವುದು ಆ ಸೋಗೆಯ ಮಾಡು ಮಾತ್ರ. ಎಲೆ ತೂರಿ ಕೆಳಗೆ ನೋಡುವ ಶಕ್ತಿ ಆ ಕ್ಯಾಮೆರಾಕ್ಕಿಲ್ಲ. ‘ತೋಟದೊಳಗಿನ ಕಳೆಯನ್ನೂ ತೋರಿಸುತ್ತೇವೆ’ ಅಂತ ಯಾರಾದರೂ ಹೇಳಿದರೆ ಚಹಾ ಕೊಟ್ಟು ಕಳಿಸಿ.

ನೀವು ಕಳಿಸಿದ ಎಲೆ ನೋಡಿದೆ. ಅದು ವೆಡೇಲಿಯಾ. ಅಂದಕ್ಕೆ ಅಂತ ಅಂಗಳದಲ್ಲಿ, ರಸ್ತೆ ಪಕ್ಕ ನೆಟ್ಟದ್ದು ಕೈ ಮೀರಿ ಹೋದ ಗಿಡ. ಗಂಟು ಗಂಟಿಗೂ ಬೇರು. ಒಂದು ತುಂಡು ನೀರಿನಲ್ಲಿ ತೇಲಿ ಹೋದರೆ ಕೆಳಗಿನ ತೋಟದಲ್ಲಿ ಮತ್ತೆ ಹುಟ್ಟುತ್ತದೆ. ಹಾಗಾಗಿ ಮೇಲಿಂದ ಕೆಳಕ್ಕೆ, ನೀರು ಹರಿಯುವ ದಿಕ್ಕಿನಲ್ಲೇ ನಡೆದು ನೋಡಿ. ಶುರುವಾದ ಜಾಗ ಎಲ್ಲಿ ಅಂತ ಸಿಗುತ್ತದೆ. ಅಲ್ಲಿಂದ ಕೀಳುತ್ತ ಬನ್ನಿ. ಕಿತ್ತದ್ದನ್ನು ಕಾಲುವೆ ದಂಡೆ ಮೇಲೆ ಬಿಡಬೇಡಿ, ಗೊಬ್ಬರ ಗುಂಡಿಗೂ ಹಸಿಯಾಗಿ ಹಾಕಬೇಡಿ. ಕಲ್ಲಿನ ಮೇಲೆ ಪೂರ್ತಿ ಒಣಗಿಸಿ.

ಹೊಸದಾಗಿ ಸಸಿ ನೆಟ್ಟ ತೋಟ ಇದ್ದರೆ ಅಲ್ಲಿ ಮೇಲಿಂದ ನೋಡಬಹುದು. ಅದಕ್ಕೂ ಡ್ರೋನ್ ಬೇಡ. ಅಡಿಕೆ ಕೊನೆ ಕೊಯ್ಯುವ ಉದ್ದ ಕೋಲು, ದೋಟಿ ಇದೆಯಲ್ಲ? ನಾನು ಅದರ ತುದಿಗೆ ಫೋನ್ ಕಟ್ಟುತ್ತೇನೆ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಎರಡು ಸುತ್ತು ಬಿಗಿದು, ಕ್ಯಾಮೆರಾ ನೆಲ ನೋಡುವ ಹಾಗೆ ಒಂದು ಮರದ ತುಂಡಿನ ಮೇಲೆ. ಹತ್ತು ಸೆಕೆಂಡ್ ಟೈಮರ್ ಇಟ್ಟು 25 ಅಡಿ ಎತ್ತರಕ್ಕೆ ಎತ್ತಿ ಹಿಡಿಯುವುದು. ಒಂದು ಫೋಟೊದಲ್ಲಿ ಸುಮಾರು ಮುಕ್ಕಾಲು ಗುಂಟೆ ಬರುತ್ತದೆ. ವೆಡೇಲಿಯಾದ ಹಳದಿ ಹೂ ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಹತ್ತು ಹೆಜ್ಜೆಗೊಂದು ಫೋಟೊ, ತೋಟದ ಈ ತುದಿಯಿಂದ ಆ ತುದಿಗೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ದೋಟಿ ಎತ್ತುವ ಮೊದಲು ತಲೆ ಮೇಲೆ ನೋಡಿ. ಕರೆಂಟ್ ತಂತಿ ಹಾದುಹೋದ ಕಡೆ ಬೇಡವೇ ಬೇಡ. ಅಲ್ಯೂಮಿನಿಯಂ ದೋಟಿಯಲ್ಲಿ ಮಾತ್ರ ಅಲ್ಲ, ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಒಂದು ಮನೆಯೂ ಕಳೆಗೋಸ್ಕರ ಜೀವ ಕಳೆದುಕೊಳ್ಳಬಾರದು.

ಪ್ರಶ್ನೆ: ತಂಗಿ ಮಗ ಬೆಂಗಳೂರಿಂದ ಚಿಕ್ಕ ಡ್ರೋನ್ ತಂದಿದ್ದಾನೆ. 250 ಗ್ರಾಂ ಒಳಗಿನದು, ಲೈಸೆನ್ಸ್ ಬೇಡ ಅನ್ನುತ್ತಾನೆ. ನಮ್ಮ ಗದ್ದೆ ಕಾರವಾರದ ಹತ್ತಿರ. ಹಾರಿಸಬಹುದಾ?
– ಗೃಹಿಣಿ, ಕಾರವಾರ ತಾಲೂಕು

ಉತ್ತರ: ಅವನು ಹೇಳಿದ್ದರಲ್ಲಿ ಅರ್ಧ ಸರಿ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂ ಒಳಗಿನ ಡ್ರೋನ್ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಡ. 2 ಕಿಲೊ ಒಳಗಿನದನ್ನು ಸ್ವಂತಕ್ಕೆ ಹಾರಿಸಿದರೂ ಬೇಡ, ಬಾಡಿಗೆ ಕೆಲಸಕ್ಕಾದರೆ ಬೇಕು. ಆದರೆ ಎಲ್ಲಿ ಹಾರಿಸಬಹುದು ಅನ್ನುವುದು ಬೇರೆ ವಿಷಯ. ದೇಶದ ನಕ್ಷೆಗೆ ಹಸಿರು, ಹಳದಿ, ಕೆಂಪು ಅಂತ ಬಣ್ಣ ಹಾಕಿದ್ದಾರೆ. ಹಸಿರಿನಲ್ಲಿ 400 ಅಡಿ ತನಕ ಅನುಮತಿ ಇಲ್ಲದೆ ಹಾರಿಸಬಹುದು. ಹಳದಿಯಲ್ಲಿ ವಿಮಾನ ಸಂಚಾರ ನೋಡಿಕೊಳ್ಳುವವರ ಒಪ್ಪಿಗೆ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರವೇ ಅನುಮತಿ ಕೊಡಬೇಕು. ಡ್ರೋನ್ ಎಷ್ಟೇ ಚಿಕ್ಕದಿರಲಿ, ಕೆಂಪು ಅಂದರೆ ಕೆಂಪು.

ನಿಮ್ಮ ತಾಲೂಕಿನಲ್ಲಿ ಅರ್ಗಾದಲ್ಲಿ ನೌಕಾನೆಲೆ, ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ. ಮೊದಲು ಡಿಜಿಟಲ್ ಸ್ಕೈ ಅನ್ನುವ ಸರ್ಕಾರಿ ಜಾಲತಾಣದಲ್ಲಿರುವ ಆ ನಕ್ಷೆಯಲ್ಲಿ ನಿಮ್ಮ ಗದ್ದೆಯ ಬಣ್ಣ ನೋಡಿ. ಅದು ನೋಡದೆ ಡ್ರೋನ್ ಡಬ್ಬದಿಂದ ಹೊರಗೆ ತೆಗೆಯಬೇಡಿ. ಹುಡುಗ ಸುಮ್ನೆ ತೊಂದರೆಗೆ ಸಿಕ್ಕಿಕೊಳ್ಳುತ್ತಾನೆ. ಬಣ್ಣ ಹಸಿರೇ ಇದ್ದರೂ ಅಕ್ಕಪಕ್ಕದ ಮನೆಯವರಿಗೆ ಹಿಂದಿನ ದಿನ ಒಂದು ಮಾತು ಹೇಳಿ. ಬಾವಿಕಟ್ಟೆ, ಬಚ್ಚಲಿನ ಮೇಲೆಲ್ಲ ಯಂತ್ರ ಗುಂಯ್ ಅಂದರೆ ಯಾರಿಗೆ ಸಮಾಧಾನ ಇರುತ್ತದೆ?

ಭತ್ತದ ಗದ್ದೆಯಲ್ಲಿ ಏನು ಕಾಣುತ್ತದೆ ಅಂತಲೂ ಕೇಳಿದ್ದೀರಿ. ಅಗಲ ಎಲೆಯ ಕಳೆ ಮತ್ತು ನಾಟಿ ಸಾಲಿನ ನಡುವೆ ಎದ್ದದ್ದು ಕಾಣುತ್ತದೆ. ಭತ್ತದ ಹಾಗೇ ಇರುವ ಹುಲ್ಲುಕಳೆ, ಕಾಡುಭತ್ತ ಇವು ತೆನೆ ಬರುವ ತನಕ ಗದ್ದೆಗಿಳಿದವರಿಗೇ ಗೊತ್ತಾಗುವುದು ಕಷ್ಟ. 250 ಗ್ರಾಂ ಡ್ರೋನ್‌ಗೆ ಖಂಡಿತ ಆಗಲ್ಲ.

ಪ್ರಶ್ನೆ: ನಮ್ಮ ಮಹಿಳಾ ಸಂಘಕ್ಕೆ ಡ್ರೋನ್ ದೀದಿ ಯೋಜನೆಯಲ್ಲಿ ಡ್ರೋನ್ ಸಿಗುವ ಹಾಗಿದೆ. ಅದರಿಂದ ಕಳೆ ಗುರುತಿಸಿ ಅಲ್ಲೇ ಔಷಧಿ ಹೊಡೆಯಬಹುದಾ ಅಕ್ಕ?
– ಸಂಘದ ಸದಸ್ಯೆ, ಹಳಿಯಾಳ

ಉತ್ತರ: ಮೊದಲಿಗೆ ನಿಮಗೆ ಅಭಿನಂದನೆ. ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಒಪ್ಪಿದ ಯೋಜನೆ ಇದು. ದೇಶದ 15,000 ಸ್ವಸಹಾಯ ಸಂಘಗಳಿಗೆ ಬೆಲೆಯ ಶೇ 80, ಹೆಚ್ಚೆಂದರೆ 8 ಲಕ್ಷ ರೂಪಾಯಿ ಸಹಾಯಧನ. ಆದರೆ ಅದು ಸಿಂಪಡಿಸುವ ಡ್ರೋನ್. ತೊಟ್ಟಿ ಹೊತ್ತು ಹೇಳಿದ ಜಾಗಕ್ಕೆ ಹೋಗಿ ಚಿಮುಕಿಸಿ ಬರುತ್ತದೆ. ಕಳೆ ಯಾವುದು ಅಂತ ಅದು ಹುಡುಕುವುದಿಲ್ಲ. ನಕ್ಷೆ ಬೇರೆ ಮಾಡಿಕೊಟ್ಟರೆ ಅಷ್ಟು ಜಾಗಕ್ಕೆ ಮಾತ್ರ ಹೊಡೆಯಲು ಆಗುತ್ತದೆ, ಔಷಧಿ ಉಳಿಯುತ್ತದೆ.

ಕಳೆನಾಶಕದ ವಿಷಯದಲ್ಲಿ ನಾನು ಹಿಂದೇಟು ಹಾಕುತ್ತೇನೆ. ಗಾಳಿಗೆ ತುಂತುರು ಪಕ್ಕದ ಹೊಲಕ್ಕೆ ಹೋದರೆ ಅವರ ಬೆಳೆ ಹೋಯಿತು, ಹಳ್ಳಕ್ಕೆ ಹೋದರೆ ಮೀನು ಹೋಯಿತು. ಗ್ಲೈಫೋಸೇಟ್ ಅನ್ನುವ ಕಳೆನಾಶಕವನ್ನಂತೂ ಕೀಟ ನಿಯಂತ್ರಣದ ಪರವಾನಗಿ ಇದ್ದವರ ಮೂಲಕವೇ ಬಳಸಬೇಕು ಅಂತ 2022ರ ಅಕ್ಟೋಬರ್‌ನಲ್ಲಿ ಸರ್ಕಾರವೇ ಆದೇಶ ಹೊರಡಿಸಿತ್ತು. ನೀವು ಪೋಷಕಾಂಶ ಸಿಂಪಡಣೆಯಿಂದ ಶುರು ಮಾಡಿ, ಕೈ ಪಳಗಲಿ. ನಿಮ್ಮಲ್ಲಿ ಇಬ್ಬರು ನಕ್ಷೆ ಕೆಲಸ ಕಲಿಯುವ ಮನಸ್ಸಿದ್ದರೆ ಪತ್ರ ಬರೆಯಿರಿ. ಜನವರಿಯಲ್ಲಿ ನಮ್ಮ ಬೆಟ್ಟ ಹಾರಿಸುವಾಗ ಬಂದು ನೋಡಬಹುದು. ಗೊಬ್ಬರ ಚೀಲ ಹಾಸುವಾಗಿನಿಂದ ಬನ್ನಿ, ಹಾರಿಸುವ ದಿನ ಮಾತ್ರ ಬಂದರೆ ಏನೂ ಕಲಿತ ಹಾಗಾಗಲ್ಲ.

ಪ್ರಶ್ನೆ: ಕೇರಳದ ನೆಂಟರ ತೋಟದಲ್ಲಿ ನೋಡಿದ ಮಿಕಾನಿಯಾ ಬಳ್ಳಿಯಂಥದ್ದೇ ನಮ್ಮ ಬೇಲಿ ಮೇಲೆ ಒಂದು ಕಾಣುತ್ತಿದೆ. ಎಲ್ಲೆಲ್ಲಿ ಹಬ್ಬಿದೆ ಅಂತ ಡ್ರೋನ್ ಸರ್ವೆ ಮಾಡಿಸಿ ಆಮೇಲೆ ಕೀಳಲಾ?
– ಓದುಗ, ಯಲ್ಲಾಪುರ

ಉತ್ತರ: ಇವತ್ತೇ ನೋಡಿ. ಎಲೆ ಹೃದಯದ ಆಕಾರ, ಅಂಚು ಸ್ವಲ್ಪ ಹಲ್ಲು ಹಲ್ಲು, ಒಂದು ಗಂಟಿಗೆ ಎದುರುಬದುರು ಎರಡೆರಡು ಎಲೆ, ಬಿಳಿಯ ಸಣ್ಣ ಹೂವಿನ ಗೊಂಚಲು, ನೆಲ ತಾಗಿದ ಗಂಟಿನಲ್ಲೆಲ್ಲ ಬೇರು. ಇಷ್ಟೂ ಹೊಂದಿದರೆ ಸರ್ವೆ ಗಿರ್ವೆ ಏನೂ ಬೇಡ. ಒಂದೇ ಬಳ್ಳಿ ಇರುವಾಗ ಎರಡು ಕೈ ಸಾಕು. ಎಲೆಯ ಎರಡೂ ಬದಿಯ ಫೋಟೊ, ಗಂಟಿನ ಫೋಟೊ, ಹೂ ಇದ್ದರೆ ಅದರದ್ದೂ ತೆಗೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಬೇಲಿಯ ಆಚೆ ಬದಿಗೂ ಒಮ್ಮೆ ದಾಟಿ ನೋಡಿ, ಬುಡ ಅಲ್ಲಿರಬಹುದು.